ನಮ್ಮ ಸಾಮ್ರಾಜ್ಯದ ಒಂದೇ ಮರ

ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ, ಸಸ್ಯಶಾಸ್ತ್ರದ ಮೊದಲ ಪಾಠ. ಲೆಕ್ಚರರು ಮೈಸೂರು ಕಡೆಯವರು. ಬೋರ್ಡಿನ ಮೇಲೆ ಕಿಂಗ್‌ಡಮ್ ಎಂದು ಬರೆದು, ಕೆಳಗೆ ಗೆರೆ ಎಳೆದು, "ಇದಕ್ಕೆ ಕನ್ನಡದಲ್ಲಿ ಸಾಮ್ರಾಜ್ಯ ಅಂತೀವಿ. ಆದ್ರೆ ಇಲ್ಲಿ ರಾಜ ಇರಲ್ಲ, ಮಂತ್ರಿ ಇರಲ್ಲ, ಕಂದಾಯ ಇರಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ, ಎಬ್ಬಿಸಿ ನಿಲ್ಲಿಸಿ ಬೈದರು. ರಾಜನಿಲ್ಲದ ಸಾಮ್ರಾಜ್ಯದಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು! ಸಾಮ್ರಾಜ್ಯವಿಲ್ಲದ ರಾಜನೊಬ್ಬ ಅದೇ ಹೊತ್ತಿಗೆ ಕೂಡ್ಲಿಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ರಿಜಿಸ್ಟರಿಗೆ ನಂಬರು ಹಾಕುತ್ತ ಕೂತಿದ್ದ. ಆತ ನನ್ನಪ್ಪ.

ಒಂದು ಕಾಲಕ್ಕೆ ನಮ್ಮ ವಂಶದವರು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ನಾಲ್ಕಾರು ಹಳ್ಳಿಗಳನ್ನು ಆಳಿದ ಪಾಳೇಗಾರರಂತೆ. 'ಅಂತೆ' ಎನ್ನುವುದು ನನ್ನ ಮಾತು, ಅಪ್ಪ ಅದನ್ನು ಸೇರಿಸುತ್ತಿರಲಿಲ್ಲ. ಕೋಟೆಯ ಕಲ್ಲುಗಳು ಒಂದೊಂದಾಗಿ ಊರವರ ದನದ ಕೊಟ್ಟಿಗೆಗಳಿಗೆ ಹೋಗಿ, ಒಂದು ಬುರುಜಿನ ಬುಡ ಮಾತ್ರ ನಿಂತಿತ್ತು. ಸರ್ಕಾರ ದೊಡ್ಡ ದೊಡ್ಡ ಮಹಾರಾಜರ ರಾಜಧನ ನಿಲ್ಲಿಸಿದಾಗ, ನಮ್ಮ ಮನೆಗೆ ಎಂದೂ ಬಾರದಿದ್ದ ಆ ರಾಜಧನಕ್ಕಾಗಿ ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವ್ವನಿಗೆ ಇಂಥ ದುಃಖಗಳಿಗೆ ಪುರುಸೊತ್ತಿರಲಿಲ್ಲ. "ದೊರಿಗಳು ಸ್ವಲ್ಪ ಸೊಸೈಟಿ ಕಡಿ ದಯಮಾಡಿಸ್ರಿ. ಸೀಮಿಎಣ್ಣಿಗೆ ಪಾಳಿ ಹಚ್ಚ್ಯಾರ" ಎಂದು ಡಬ್ಬಿ ಮುಂದಿಡುತ್ತಿದ್ದಳು. ದೊರೆ ಡಬ್ಬಿ ಹಿಡಿದು ಹೋಗುತ್ತಿದ್ದ.

ನಾವಿದ್ದದ್ದು ಕೂಡ್ಲಿಗಿಯಲ್ಲಿ. ಹಳ್ಳಿಯಲ್ಲಿ ನಮಗೆ ಉಳಿದದ್ದು ಒಂದೇ ಮರ, ಬುರುಜಿನ ಪಕ್ಕದ ಕಲ್ಲುಕಟ್ಟೆಯ ಮೇಲಿನ ಬನ್ನಿ. ವರ್ಷವಿಡೀ ಅದನ್ನು ಯಾರೂ ಮುಟ್ಟಬಾರದು, ಕುರಿಮರಿಗೆಂದು ಒಂದು ಸೊಪ್ಪನ್ನೂ ಮುರಿಯಬಾರದು. ವಿಜಯದಶಮಿಯ ಸಂಜೆ ಅಪ್ಪ ನಮ್ಮಜ್ಜನ ಕಾಲದ ಜರಿ ರುಮಾಲು ಸುತ್ತಿ, ಕತ್ತಿ ಹಿಡಿದು ಬಂದು ಮೊದಲ ರೆಂಬೆಗೆ ಅದನ್ನು ತಾಗಿಸಬೇಕು. ಕತ್ತಿಯ ಹರಿತ ಹೋಗಿ ತಲೆಮಾರುಗಳೇ ಆಗಿದ್ದವು. ಹಾಗಾಗಿ ತಾಗಿಸುವುದು ಅಪ್ಪನ ಕತ್ತಿ, ಕಡಿಯುವುದು ತಳವಾರಜ್ಜನ ಕುಡಗೋಲು. ತಳವಾರಜ್ಜ ಊರ ಕಾವಲಿನ ಮುದುಕ, ಆ ಮರದ ಕಾವಲೂ ಅವನದೇ. ಆಮೇಲೆ ಊರವರು ಸಾಲಾಗಿ ಬಂದು, ಬಗ್ಗಿ ಅಪ್ಪನ ಕಾಲು ಮುಟ್ಟಿ, ಅವನ ಕೈಯಿಂದ ಒಂದೆಸಳು ಪಡೆದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ದೊರಿ" ಎನ್ನುತ್ತಿದ್ದರು. ರಜೆ ಮುಗಿದ ಮೇಲೆ ಅಪ್ಪ ಕೂಡ್ಲಿಗಿಯ ಕಚೇರಿಗೆ ಹೋಗಿ, ಸಾಹೇಬರು ಒಳಗೆ ಬಂದಾಗ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದ. ಆ ಒಂದು ಸಂಜೆಯ ಬಲದ ಮೇಲೆ ಉಳಿದ ವರ್ಷವೆಲ್ಲ ಎದ್ದು ನಿಲ್ಲುತ್ತಿದ್ದ ಎಂದು ನನಗೆ ಈಗ ಅನಿಸುತ್ತದೆ.

ಆ ಸಂಜೆಗೂ ಸಂಚಕಾರ ಬಂತು. ನಾನು ಕಾಲೇಜು ಸೇರಿದ ವರ್ಷದ ದಸರೆಯಲ್ಲಿ, ಬನ್ನಿ ಹಂಚುವುದು ಮುಗಿದ ಮೇಲೆ, ಊರಿನ ಪಂಚಾಯ್ತಿ ಚೇರ್ಮನ್ ಅಪ್ಪನ ಹತ್ತಿರ ಬಂದ. ಶೇಂಗಾ ವ್ಯಾಪಾರದವನು, ನೇರ ಮಾತಿನವನು. "ದೊರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ರಾಜರ ಕಾಲ ಮುಗದೈತಿ. ಮುಂದಿನ ವರ್ಷದಿಂದ ಮೊದಲ್ನೇ ಬನ್ನಿ ಚೇರ್ಮನ್ನು ಕಡೀತಾನ. ಊರು ಆರಿಸಿದಾವ ನಾನು" ಎಂದ. ಅವನನ್ನು ದುಷ್ಟ ಎಂದು ಬರೆದರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ಊರಿಗೆ ಬೋರ್‌ವೆಲ್ ಹಾಕಿಸಿದವನು, ಬೀದಿಗೆ ಲೈಟಿನ ಕಂಬ ತಂದವನು ಅವನೇ. ನಮ್ಮ ವಂಶ ಇಷ್ಟು ತಲೆಮಾರು ಆಳಿಯೂ ಊರಿಗೆ ಒಂದು ಬಕೆಟ್ ನೀರು ಕೊಟ್ಟ ದಾಖಲೆ ಇಲ್ಲ. ಅಪ್ಪ ಮನೆಗೆ ಬಂದು ರುಮಾಲು ಬಿಚ್ಚಿ, ಅದನ್ನು ಟ್ರಂಕಿನಲ್ಲಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತ.

ಇತ್ತ ಕಾಲೇಜಿನಲ್ಲಿ ಸಾಮ್ರಾಜ್ಯಗಳು ಒಡೆಯುತ್ತಿದ್ದವು. ಹಳೆಯ ಪುಸ್ತಕದಲ್ಲಿ ಇದ್ದದ್ದು ಎರಡೇ, ಸಸ್ಯ ಮತ್ತು ಪ್ರಾಣಿ. ಹೊಸ ಪಾಠದ ಪ್ರಕಾರ ಐದು. ಅಣಬೆಗಳು ಸಸ್ಯಗಳಿಂದ ಪಾಲು ಕೇಳಿ ಬೇರೆಯಾಗಿದ್ದವು. ಇದನ್ನು ಅಪ್ಪನಿಗೆ ಹೇಳಿದಾಗ, ಊಟದ ತಟ್ಟೆಯಿಂದ ತಲೆ ಎತ್ತಿ, "ಅಣಬಿಗೂ ಒಂದು ರಾಜ್ಯ ಕೊಟ್ರೇನವಾ?" ಎಂದ. ಧ್ವನಿಯಲ್ಲಿ ನಿಜವಾದ ಹೊಟ್ಟೆಕಿಚ್ಚಿತ್ತು.

"ಯಾರೂ ಕೊಟ್ಟಿಲ್ಲಪ್ಪ. ಅವು ಹೆಂಗ ಉಣ್ತಾವ ಅಂತ ನೋಡಿ ಬ್ಯಾರೆ ಮಾಡ್ಯಾರ. ಗಿಡ ತನ್ನ ಊಟ ತಾನ ಮಾಡ್ಕೊಂತೈತಿ. ಪ್ರಾಣಿ ಬಾಯಿಲೆ ತಿಂತೈತಿ. ಅಣಬಿ ಬ್ಯಾರೇದವರು ಮಾಡಿದ್ದರ ಮ್ಯಾಲ ಕುಂತು ಹೀರ್ಕೊಂತೈತಿ."

"ಹಂಗಾದ್ರ ನಿಮ್ಮಪ್ಪನ ವಂಶದವರು ಎಲ್ಲಿ ಬರ್ತಾರ ಅಂತ ನನಗ ಗೊತ್ತಾತು ಬಿಡು" ಎಂದಳು ಅವ್ವ, ಒಲೆಯ ಮುಂದಿನಿಂದ.

ಫೆಬ್ರವರಿಯಲ್ಲಿ ಇಪ್ಪತ್ತು ಗಿಡಗಳ ಟೊಂಗೆಗಳನ್ನು ಪೇಪರಿನ ನಡುವೆ ಒಣಗಿಸಿ, ರಟ್ಟಿಗೆ ಹೊಲಿದು, ಚೀಟಿ ಬರೆದು ಕಾಲೇಜಿಗೆ ಕೊಡಬೇಕಿತ್ತು. ಹತ್ತೊಂಬತ್ತು ಸಿಕ್ಕಿದ್ದವು. ಇಪ್ಪತ್ತನೆಯದು ನಮ್ಮ ಬನ್ನಿಯೇ ಇರಲಿ ಎಂದುಕೊಂಡೆ. ಎಷ್ಟಾದರೂ ದೊರೆಯ ಮಗಳು, ಮುಟ್ಟಬಾರದ್ದನ್ನು ಮುಟ್ಟುವ ಹಕ್ಕು ನನಗಿಲ್ಲದೆ ಯಾರಿಗೆ? ಹಳ್ಳಿಗೆ ಹೋಗಿ ಕಟ್ಟೆ ಹತ್ತಿ, ಹೂವಿದ್ದ ಒಂದು ಟೊಂಗೆ ಮುರಿಯುವಷ್ಟರಲ್ಲಿ ತಳವಾರಜ್ಜ ಬಂದ. ಕಾಲೇಜಿಗೆ ಬೇಕು ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದರೆ, ಮುಖ ಸಪ್ಪಗೆ ಮಾಡಿಕೊಂಡು, "ಒಯ್ಯೋದ ಆದ್ರ ಒಯ್ಯಿ ದೊರಸಾನಿ. ಆದ್ರ ಓದಿದವರಿಗೆಲ್ಲ ತೋರಸಾಕ ಹೋಗಬ್ಯಾಡ" ಎಂದ. ಮುದುಕನಿಗೆ ಕಾಲೇಜೆಂದರೆ ಏನೆಂದು ಗೊತ್ತಿಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಲೆಕ್ಚರರು ಆ ರಟ್ಟನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಚೀಟಿಯಲ್ಲಿ ಸಾಮ್ರಾಜ್ಯ ಎಂಬ ಸಾಲಿಗೆ ಸರಿ ಹಾಕಿ, ಹೆಸರಿನ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. "ಬನ್ನಿ ಮುಳ್ಳು ಸಣ್ಣದು, ರೆಂಬೆ ಮೇಲೆ ಎಲ್ಲೆಂದರಲ್ಲಿ ಇರುತ್ತೆ. ಇಲ್ನೋಡಮ್ಮ, ಉದ್ದ ಮುಳ್ಳು, ಎಲೆ ಹುಟ್ಟೋ ಗೆಣ್ಣಲ್ಲೇ ಜೋಡಿ ಜೋಡಿ. ಇದು ಬಳ್ಳಾರಿ ಜಾಲಿ. ಬಳ್ಳಾರಿ ಜಿಲ್ಲೆಯವಳು ನೀನು, ನಾನು ಹೇಳಿಕೊಡಬೇಕಾ?"

ಹೇಳಿಕೊಡುವ ಅಗತ್ಯ ಇರಲಿಲ್ಲ. ಹುಟ್ಟಿದಾಗಿನಿಂದ ನಮ್ಮ ಒಲೆಯಲ್ಲಿ ಉರಿದದ್ದು ಅದೇ ಜಾಲಿ. ಹೊಲದ ಬದುವಿಗೆ, ಕೆರೆಯಂಗಳಕ್ಕೆ, ಹಾಳುಬಿದ್ದ ಮನೆಗೆ, ಕರೆಯದೆ ಬಂದು ತಳ ಊರುವ ಪರದೇಶಿ ಗಿಡ. ಎಲ್ಲ ಕಡೆ ಕಡಿಸಿಕೊಂಡು ಪೊದೆಯಾಗಿಯೇ ಉಳಿಯುವ ಅದು, ನಮ್ಮ ಕಟ್ಟೆಯ ಮೇಲೆ ಯಾರೂ ಮುಟ್ಟದೆ ಇದ್ದುದರಿಂದ ದಪ್ಪ ಬೊಡ್ಡೆಯ ಮರವಾಗಿ ಬೆಳೆದಿತ್ತು. ಮುಳ್ಳು ನನ್ನ ಬೆರಳಿಗೇ ಚುಚ್ಚಿತ್ತು, ಆದರೂ ಗುರುತು ಸಿಕ್ಕಿರಲಿಲ್ಲ. ಬನ್ನಿ ಎಂದು ಹೇಳಿಕೊಟ್ಟಿದ್ದರು, ಬನ್ನಿಯನ್ನೇ ನೋಡಿದ್ದೆ.

ಆಮೇಲಿನ ತಿಂಗಳುಗಳಲ್ಲಿ ನನಗೆ ಒಂದೇ ಭಯ. ಈ ಸಂಗತಿ ಚೇರ್ಮನ್ ಕಿವಿಗೆ ಬಿದ್ದರೆ ಅಪ್ಪನ ಕತೆ ಮುಗಿಯಿತು. ಜಾಲಿಗೆ ಕತ್ತಿ ತಾಗಿಸುವ ದೊರೆ ಎಂದು ಸಂತೆಯಲ್ಲಿ ಆಡಿಕೊಂಡು ನಗುತ್ತಾರೆ. ಅಪ್ಪನಿಗೆ ನಾನೇ ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿ ತೆರೆದೆ. ಅವನು ಮಾತ್ರ ಶ್ರಾವಣದಿಂದಲೇ ದಿನವೂ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜುತ್ತಿದ್ದ. "ಈ ಸಲ ಹರಿತ ಮಾಡಿಸ್ತೀನವಾ. ಯಾರ ಕುಡಗೋಲೂ ಬ್ಯಾಡ. ನಾನ ಕಡೀತೀನಿ" ಎನ್ನುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟು ಪ್ರೀತಿ ಅವನ ಮೇಲೆ ನನಗಿದೆಯೆಂದು ಅದುವರೆಗೆ ನನಗೂ ತಿಳಿದಿರಲಿಲ್ಲ.

ವಿಜಯದಶಮಿ ಬಂತು. ಕಟ್ಟೆಯ ಸುತ್ತ ಊರೆಲ್ಲ ಸೇರಿತ್ತು. ಅಪ್ಪ ರುಮಾಲು ಸುತ್ತಿ ಒಂದು ಕಡೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಚೇರ್ಮನ್ ಹೊಸ ಕೊಡಲಿ ಹಿಡಿದು ಇನ್ನೊಂದು ಕಡೆ. "ದೊರಿ, ಹೋದ ವರ್ಷಾನ ಹೇಳೀನಿ" ಎಂದು ಅವನು ಕಟ್ಟೆಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಆಗ ತಳವಾರಜ್ಜ ನಿಧಾನಕ್ಕೆ ಎದ್ದು ನಡುವೆ ಬಂದ.

"ಚೇರ್ಮನ್ರೇ, ಕಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಮಾತು. ಇದಕ್ಕ ದೊರಿ ಕತ್ತಿ ತಾಗಿದ್ರ ಬನ್ನಿ. ನೀವು ಕಡದ್ರ ಜಾಲಿ. ಮನಿಗೆ ಒಯ್ದು ಒಲಿಗೆ ಹಾಕ್ಕೊಳ್ರಿ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು, ನೋಡನೋಡುತ್ತ ಊರಿಗೆ ಊರೇ ನಕ್ಕಿತು. "ನನಗೇನು ಗೊತ್ತಿಲ್ಲೇನಜ್ಜ? ನಾನೂ ಈ ಊರಾಗ ಹುಟ್ಟಿದಾವ" ಎಂದು ಚೇರ್ಮನ್ನೂ ನಕ್ಕು ಕೊಡಲಿ ಕೆಳಗಿಟ್ಟ. ಪಕ್ಕದಲ್ಲಿ ನಿಂತ ಮುದುಕಿಯೊಬ್ಬಳು ನನಗೆ ಹೇಳಿದಳು, ಖರೇ ಬನ್ನಿ ಅಪ್ಪ ಹುಟ್ಟುವ ಮೊದಲೇ, ನಮ್ಮಜ್ಜನ ಕಾಲಕ್ಕೇ ಒಣಗಿ ಬಿತ್ತಂತೆ. ಕಟ್ಟೆಯಲ್ಲಿ ತಾನಾಗಿ ಹುಟ್ಟಿದ್ದನ್ನು ಆ ನಮ್ಮಜ್ಜನೇ ಬನ್ನಿ ಎಂದನಂತೆ, ಊರು ಹ್ಞೂಂ ಎಂದಿತಂತೆ. ಏಳೆಂಟು ತಿಂಗಳು ನಾನು ಎದೆಯಲ್ಲಿ ಬಚ್ಚಿಟ್ಟ ಮಹಾ ಗುಟ್ಟು ಆ ಊರಿನ ಕುರಿಗಳಿಗೂ ಗೊತ್ತಿತ್ತು. ನನ್ನ ವಿದ್ಯೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಗೊತ್ತಿಲ್ಲದವನು ಒಬ್ಬನೇ. ಅಪ್ಪ ತಲೆ ಎತ್ತಿ ಮರವನ್ನು ನೋಡಿದ. ಅವನ ಕಣ್ಣು ಒಂದೊಂದೇ ಗೆಣ್ಣಿನ ಮೇಲೆ, ಜೋಡಿ ಮುಳ್ಳುಗಳ ಮೇಲೆ ನಿಲ್ಲುತ್ತ ಹೋದದ್ದನ್ನು ನಾನು ಕಂಡೆ. ಆ ಕ್ಷಣ ಅವನು ಕತ್ತಿ ಎಸೆದು ಹೋಗಿಬಿಡುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಹರಿತ ಮಾಡಿಸಿದ ಕತ್ತಿಯಿಂದ ಕಡಿಯಲೂ ಇಲ್ಲ. ರೆಂಬೆಗೆ ಮೆಲ್ಲಗೆ ತಾಗಿಸಿ, ತಳವಾರಜ್ಜನ ಕಡೆ ನೋಡಿದ. ಅಜ್ಜ ಎಂದಿನಂತೆ ಕುಡಗೋಲಿನಿಂದ ಕಡಿದುಕೊಟ್ಟ.

ಸಾಲು ನಿಂತಿತು. ಮೊದಲಿಗೆ ತಳವಾರಜ್ಜನೇ ಬಂದು ಕಾಲು ಮುಟ್ಟಲು ಕೈ ಚಾಚಿದ. ಅವನಿಗಿಂತ ಮೊದಲು ಅಪ್ಪ, ಜರಿ ರುಮಾಲಿನ ಸಮೇತ, ಬಗ್ಗಿ ಅವನ ಕಾಲು ಮುಟ್ಟಿದ.

ನಗು ಥಟ್ಟನೆ ನಿಂತಿತು. ಅಜ್ಜ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, "ಏನ್ರಿ ಇದು ದೊರಿ, ಹಿಂಗೆಲ್ಲ ಮಾಡಬ್ಯಾಡ್ರಿ. ನಮಗ ರೂಢಿ ಇಲ್ಲ" ಎಂದ.

"ನನಗೂ ಇಲ್ಲಜ್ಜ" ಎಂದ ಅಪ್ಪ. ಸಾಲಿನಲ್ಲಿದ್ದ ಮುಂದಿನವರಿಗೂ ಬಗ್ಗಿದ, ಅದರ ಮುಂದಿನವರಿಗೂ ಬಗ್ಗಿದ. ಸಾಲು ಮುಗಿಯುವ ಹೊತ್ತಿಗೆ ಅವನ ರುಮಾಲು ಬಿಚ್ಚಿ ಹೆಗಲ ಮೇಲೆ ಜೋತುಬಿದ್ದಿತ್ತು. ಅವನು ಅದನ್ನು ಸರಿಮಾಡಿಕೊಳ್ಳಲಿಲ್ಲ.