ಪಾಸಾದ್ರೆ ಮಾತ್ರ ಹಾಕು

ಹಳೆಯ ಲಾಗ್ ಟೇಬಲ್ ಪುಸ್ತಕವನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಕೊಡವಿದೆ. ಪೋಸ್ಟ್ ಕಾರ್ಡೊಂದು ನೆಲಕ್ಕೆ ಬಿತ್ತು. ಒಂದು ಬದಿಯಲ್ಲಿ ಚಿಂತಾಮಣಿ ಕಡೆಯ ಹಳ್ಳಿಯ ವಿಳಾಸ. ದಪ್ಪ ದಪ್ಪ ಅಕ್ಷರ, ಒತ್ತಕ್ಷರಗಳೆಲ್ಲ ಸಾಲು ಬಿಟ್ಟು ಕೆಳಗೆ ಜಾರಿವೆ. ಇನ್ನೊಂದು ಬದಿ ಖಾಲಿ. ಮೂಸಿ ನೋಡಿದೆ, ಹಳೇ ಕಾಗದದ ವಾಸನೆ ಅಷ್ಟೇ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

ಅದು ಪಕ್ಕದ ಮನೆಯ ಅಕ್ಕನ ಅಕ್ಷರ. ಅರವತ್ತರ ದಶಕದ ಮೊದಲ ವರ್ಷಗಳು. ನಾವು ಆಗ ಯಲಹಂಕದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು, ಅಪ್ಪ ಸ್ಟೇಷನ್ನಿನಲ್ಲಿ ಗುಮಾಸ್ತರು. ಪಕ್ಕದ ಮನೆಯವರು ಪಾಯಿಂಟ್ಸ್‌ಮನ್. ಹಳಿ ತಿರುಗಿಸುವುದು, ಡಬ್ಬಿಗಳನ್ನು ಜೋಡಿಸುವುದು ಅವರ ಕೆಲಸ. ಅಕ್ಕ ಅವರ ತಂಗಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆದಿದ್ದಳು, ಲೆಕ್ಕ ಒಂದರಲ್ಲಿ ಹೋಗಿತ್ತು. ಅವಳ ಅಣ್ಣ ನಮ್ಮೆದುರಿಗೇ ಹೇಳಿಬಿಟ್ಟಿದ್ದರು: "ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ಕಳಿಸ್ತೀನಿ. ಈ ಸಲಾನೂ ಓಯ್ತೋ, ಗಂಡನ ಮನೆಗೆ ವಾಪಸ್ ನಡಿ."

ನಾನೂ ಆ ವರ್ಷವೇ ಎಸ್ಸೆಸ್ಸೆಲ್ಸಿ. ಲೆಕ್ಕದಲ್ಲಿ ಜೋರು ಎಂದು ಹೆಸರಿತ್ತು, ಹೆಸರಿಗಿಂತ ಹೆಚ್ಚು ಜಂಬವಿತ್ತು. ಹೀಗಾಗಿ ಅವಳಿಗೆ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಸ್ಕೂಲು ಬಿಟ್ಟು ಬಂದವಳೇ ಅವರ ಮನೆಯ ಮೆಟ್ಟಿಲ ಮೇಲೆ ಸ್ಲೇಟು ಹಿಡಿದು ಕೂರುತ್ತಿದ್ದೆ. ಅವಳು ನನ್ನನ್ನು 'ಮೇಷ್ಟ್ರಮ್ಮ' ಎಂದು ಕರೆಯುತ್ತಿದ್ದಳು. ಮೊದಮೊದಲು ತಮಾಷೆಗೆ, ಆಮೇಲಾಮೇಲೆ ತಮಾಷೆ ಯಾವುದು, ಮರ್ಯಾದೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ...

ಅಂಕಗಣಿತ ಹೇಗೋ ಕುಂಟುತ್ತ ನಡೆಯಿತು. ಬೀಜಗಣಿತದಲ್ಲಿ ಬಹುಪದೋಕ್ತಿಗಳನ್ನು ಕೂಡಿಸುವ ಪಾಠಕ್ಕೆ ಬಂದಾಗ ಗಾಡಿ ನಿಂತೇಹೋಯಿತು. ಮೂರು ಎಕ್ಸ್ ವರ್ಗ, ಎರಡು ಎಕ್ಸ್, ನಾಲ್ಕು. ಅದರ ಕೆಳಗೆ ಐದು ಎಕ್ಸ್ ವರ್ಗ, ಒಂದು ಎಕ್ಸ್, ಒಂದು. ಅವಳು ಕಣ್ಣಿಗೆ ಕಂಡದ್ದನ್ನೆಲ್ಲ ಕೂಡಿಸಿ ಹದಿನಾರು ಎಂದು ಬರೆಯುತ್ತಿದ್ದಳು. ಬೈದರೆ ಮೂರು ಎಕ್ಸ್ ವರ್ಗಕ್ಕೆ ಐದು ಎಕ್ಸ್ ವರ್ಗ ಸೇರಿಸಿ, ತಲೆಯ ಮೇಲಿನ ಎರಡು ಎರಡನ್ನೂ ಕೂಡಿಸಿ, ಎಂಟು ಎಕ್ಸ್ ಘಾತ ನಾಲ್ಕು ಮಾಡುತ್ತಿದ್ದಳು.

"ಸಜಾತಿ ಪದಗಳನ್ನು ಮಾತ್ರ ಕೂಡಿಸ್ಬೇಕು ಕಣಕ್ಕ. ವಿಜಾತಿ ಪದಗಳನ್ನು ಕೂಡಿಸ್ಬಾರ್ದು," ಎಂದು ಪುಸ್ತಕದಲ್ಲಿದ್ದಂತೆಯೇ ಒಪ್ಪಿಸಿದೆ.

"ಇದ್ರಲ್ಲೂ ಜಾತಿ ಐತಾ ಮೇಷ್ಟ್ರಮ್ಮ?" ಎಂದು ನಕ್ಕಳು. ಮರುದಿನ ಮತ್ತೆ ಹದಿನಾರು.

ಒಂದು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ನನಗೆ ರೇಗಿ ಹೋಯಿತು. ನಿನ್ನ ತಲೆಗೆ ಹತ್ತಲ್ಲ ಬಿಡು ಎಂದು ಸ್ಲೇಟನ್ನು ಮೆಟ್ಟಿಲ ಮೇಲೆ ಕುಕ್ಕಿದೆ. ಚೌಕಟ್ಟು ಬಿಟ್ಟುಕೊಂಡಿತು. ಎದುರಿಗೆ ಯಾರ್ಡಿನಲ್ಲಿ ಅವಳ ಅಣ್ಣ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಯಲಹಂಕದಲ್ಲಿ ಆಗ ಎರಡು ಅಳತೆಯ ಹಳಿಗಳಿದ್ದವು. ನಾವು ಸಿಟಿಗೆ ಹೋಗಲು ಹತ್ತುತ್ತಿದ್ದ ದೊಡ್ಡ ಗಾಡಿಯದು ಒಂದು, ಚಿಕ್ಕಬಳ್ಳಾಪುರ, ಚಿಂತಾಮಣಿಯ ಕಡೆ ಹೋಗುವ ಚಿಕ್ಕ ಗಾಡಿಯದು ಇನ್ನೊಂದು. ಅವಳು ಅದನ್ನೇ ನೋಡುತ್ತ ಕೂತಿದ್ದಳು.

"ನಮ್ಮಣ್ಣ ದೊಡ್ಡ ಗಾಡಿ ಡಬ್ಬೀನ ಚಿಕ್ಕ ಗಾಡಿಗೆ ತಗಲಾಕಕ್ಕಾಗಲ್ವಲ್ಲ, ಅಂಗಾ ಇದು?"

ನಾನು ಉತ್ತರ ಕೊಡುವ ಮೊದಲೇ ಸ್ಲೇಟು ಎತ್ತಿಕೊಂಡಳು. ಎಕ್ಸ್ ವರ್ಗವೆಲ್ಲ ದೊಡ್ಡ ಗಾಡಿ. ಬರೀ ಎಕ್ಸ್ ಚಿಕ್ಕ ಗಾಡಿ. ಒಂಟಿ ಅಂಕಿಗಳು ಪ್ಲಾಟ್‌ಫಾರ್ಮಿನ ಮೇಲೆ ನಿಂತ ಜನ. "ಮೂರು ದೊಡ್ಡ ಡಬ್ಬೀಗೆ ಐದು ದೊಡ್ಡ ಡಬ್ಬಿ ತಗಲಾಕಿದ್ರೆ ಎಂಟು ದೊಡ್ಡ ಡಬ್ಬಿ. ಡಬ್ಬಿ ಎಚ್ಚಾಯ್ತು ಅಂತ ಅಳಿ ಅಗಲ ಆಗಲ್ಲ. ಅದಕ್ಕೇ ಮೇಲಿನ ಎರಡು ಎರಡಾಗೇ ಇರ್ತೈತೆ." ಎಂಟು ಎಕ್ಸ್ ವರ್ಗ, ಮೂರು ಎಕ್ಸ್, ಐದು. ಸರಿಯಾಗಿತ್ತು. ಆ ಸಂಜೆ ಹನ್ನೊಂದು ಲೆಕ್ಕ ಮಾಡಿದಳು, ಒಂದೂ ತಪ್ಪಲಿಲ್ಲ. ಮಾಡುತ್ತ ಮಾಡುತ್ತ ಅವಳ ಕಣ್ಣಲ್ಲಿ ನೀರು ಬಂತು. ನನಗೆ ಖುಷಿಯಾಯಿತು. ಆ ಖುಷಿ ಮಾತ್ರ ಈಗಲೂ ನೆನಪಿದೆ.

ಪರೀಕ್ಷೆ ಮುಗಿಯಿತು. ಮೇ ತಿಂಗಳಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಒಂದು ಆಳು ಬೇಕಾಯಿತು, ಗಂಡನ ಮನೆಯವರಿಗೆ ಇವಳ ನೆನಪಾಯಿತು. ರಿಸಲ್ಟ್ ಬರುವವರೆಗೆ ಹೋಗಿರಲಿ ಎಂದು ಅಣ್ಣ ಕಳಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಅವಳು ರಿಜಿಸ್ಟರ್ ನಂಬರಿನ ಚೀಟಿಯನ್ನೂ ತಾನೇ ವಿಳಾಸ ಬರೆದ ಒಂದು ಕಾರ್ಡನ್ನೂ ನನ್ನ ಕೈಗಿಟ್ಟಳು.

"ಪಾಸಾದ್ರೆ ಮಾತ್ರ ಹಾಕು. ಕಾರ್ಡ್ ಬಂತು ಅಂದ್ರೆ ಅದನ್ನೇ ತೋರ್ಸಿ ಒಂಟು ಬಂದ್ಬಿಡ್ತೀನಿ. ಫೇಲಾಗಿದ್ರೆ ಹಾಕ್ಬೇಡ, ಅಲ್ಲಿ ಎಲ್ಲಾರೂ ಓದ್ತಾರೆ."

ಚಿಕ್ಕ ಗಾಡಿ ಹೊರಟಿತು.

ಜೂನಿನಲ್ಲಿ ಪೇಪರಿನಲ್ಲಿ ರಿಸಲ್ಟ್ ಬಂತು. ಅವಳ ನಂಬರ್ ಇತ್ತು. ನನ್ನದು ಇರಲಿಲ್ಲ. ಇಂಗ್ಲಿಷಿನಲ್ಲಿ ಹೋಗಿತ್ತು ಎಂದು ಆಮೇಲೆ ಗೊತ್ತಾಯಿತು. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದಳು, ಅಪ್ಪ ಊಟಕ್ಕೆ ಬರಲಿಲ್ಲ. ನಾನು ಗೋಡೆ ನೋಡುತ್ತ ಕೂತಿದ್ದೆ. ಅಕ್ಕನ ಅಣ್ಣ ಬಾಗಿಲ ತನಕ ಬಂದವರು ನಮ್ಮ ಮನೆಯ ಸ್ಥಿತಿ ನೋಡಿ ಅಲ್ಲೇ ನಿಂತರು.

"ಏಳ್ಕೊಟ್ಟ ಮಗೀಗೇ ಇಂಗಾಯ್ತು ಅಂದ್ಮೇಲೆ ನಮ್ಮವಳ್ದು ಏನ್ ಕೇಳೋದು ಬಿಡಿ," ಎಂದು ಅಪ್ಪನಿಗೆ ಹೇಳಿ ಹೋದರು. ನಂಬರಿನ ಚೀಟಿ ನನ್ನ ಕೈಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಕೊಡುವ ವಯಸ್ಸು ನನಗೆ ಮುಗಿದಿದೆ. ಹದಿನಾರು, ಹದಿನಾರು ಎಂದು ಬರೆಯುತ್ತಿದ್ದವಳು ಪಾಸು, ನಾನು ಫೇಲು. ನಾಳೆ ಹಾಕೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಿ ಪಾಸಾದೆ. ಅಷ್ಟರಲ್ಲಿ ಅವಳ ಅಣ್ಣನಿಗೆ ಗುಂತಕಲ್ ಕಡೆ ವರ್ಗವಾಗಿತ್ತು. ಅವಳ ಅಂಕಪಟ್ಟಿ ಪರೀಕ್ಷೆ ಬರೆದ ಶಾಲೆಯಲ್ಲೇ ಉಳಿದಿರಬೇಕು, ಫೇಲಾದವಳದ್ದನ್ನು ಯಾರು ಹೋಗಿ ತರುತ್ತಾರೆ? ಆಮೇಲೆ ಅವಳ ಸುದ್ದಿ ನನಗೆ ಗೊತ್ತಾಗಲಿಲ್ಲ. ವಿಚಾರಿಸಲೂ ಇಲ್ಲ...

ನಾನು ಲೆಕ್ಕದ ಟೀಚರಾದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ದೊಡ್ಡ ಗಾಡಿ, ಚಿಕ್ಕ ಗಾಡಿ ಬರೆದು ಪಾಠ ಮಾಡಿದೆ. ಎಂಥ ದಡ್ಡ ಮಕ್ಕಳಿಗೂ ಅರ್ಥವಾಗುತ್ತಿತ್ತು. ಇನ್ಸ್‌ಪೆಕ್ಟರು ಒಮ್ಮೆ ಇದು ನಿಮ್ಮದೇ ಉಪಾಯವಾ ಎಂದು ಮೆಚ್ಚಿ ಕೇಳಿದರು. ಹೌದು ಸಾರ್ ಎಂದೆ.

ಈಗ ಅಲ್ಲಾಳಸಂದ್ರದ ಈ ಮನೆಯಿಂದ ರೈಲಿನ ಸದ್ದು ಕೇಳುತ್ತದೆ. ಚಿಕ್ಕ ಹಳಿ ಕಿತ್ತು ಹಾಕಿ ಎಷ್ಟೋ ಕಾಲವಾಯಿತು, ಎಲ್ಲವೂ ಒಂದೇ ಅಳತೆ. ಅಕ್ಕ ಇದ್ದರೆ ತೊಂಬತ್ತರ ಹತ್ತಿರ ಇರಬೇಕು. ಇರಲಾರಳು. ಇದ್ದರೂ ಇಲ್ಲದಿದ್ದರೂ ಲೆಕ್ಕದಲ್ಲಿ ಫೇಲಾದವಳೆಂದೇ ತನ್ನನ್ನು ತಿಳಿದುಕೊಂಡಿದ್ದಾಳೆ.

ಪೆನ್ನು ತೆಗೆದುಕೊಂಡು ಕಾರ್ಡಿನ ಖಾಲಿ ಬದಿಯಲ್ಲಿ ಅವಳ ರಿಜಿಸ್ಟರ್ ನಂಬರ್ ಬರೆದೆ. ಚೀಟಿ ನೋಡಬೇಕಾಗಲಿಲ್ಲ, ಬಾಯಿಪಾಠವಾಗಿಯೇ ಇತ್ತು. ನಂಬರಿನ ಕೆಳಗೆ ಪಾಸು ಎಂದು ಬರೆದೆ. ಆಗಲೂ ಏನೂ ಅನ್ನಿಸಲಿಲ್ಲ. ಶಾಯಿ ಆರಲಿ ಎಂದು ಕಾರ್ಡನ್ನು ಕಿಟಕಿಯ ಹತ್ತಿರ ಇಟ್ಟಿದ್ದೇನೆ.