ಈಚಲ ಬುಡದಲ್ಲಿ ಅತ್ತೆ ಇಟ್ಟ ದೇವರು

ಬಸರಾಳಿನ ಹತ್ತಿರ, ನಮ್ಮ ಗದ್ದೆಯ ಅಂಚಿನ ಹಳ್ಳದಲ್ಲಿ ಈಚಲು ಮರಗಳಿವೆ. ನೆಟ್ಟವರು ಯಾರೂ ಇಲ್ಲ. ಹಣ್ಣು ತಿಂದ ಹಕ್ಕಿ, ನರಿಗಳು ಬೀಜ ಉದುರಿಸಿವೆ, ಗದ್ದೆಯಿಂದ ಬಸಿದ ನೀರು ಬೆಳೆಸಿದೆ. ಆ ಹಣ್ಣೋ, ಮುಕ್ಕಾಲು ಬೀಜ, ಮಿಕ್ಕಿದ್ದು ಒಗರು. ಗರಿಯ ಬುಡದಲ್ಲೆಲ್ಲ ಮುಳ್ಳು. ಇಂಥ ಮರವೆಂದರೆ ನಮ್ಮತ್ತೆಗೆ ಪ್ರಾಣ. ವರ್ಷಾವರ್ಷ ಸುಗ್ಗಿಗೆ ಮುಂಚೆ ಗರಿ ಕುಯ್ದು ಒಣಗಿಸಿ, ಪೊರಕೆ ಕಟ್ಟಿ ನೆಂಟರಿಗೆಲ್ಲ ಹಂಚಬೇಕು. ಅದರಲ್ಲೇ ಅವರ ದೊಡ್ಡಸ್ತಿಕೆ.

ಹೋದ ವರ್ಷ ನನ್ನ ಗಂಡ, ಕಬ್ಬಿನ ಟ್ರ್ಯಾಕ್ಟರು ತಿರುಗಲು ಜಾಗ ಬೇಕೆಂದು ಜೆಸಿಬಿ ಗೊತ್ತುಮಾಡಿ ಬಂದರು.

"ಈಚ್ಲು ಕಿತ್ತಾಕುಸ್ತೀನಿ ಕಣವ್ವ. ಪರ್ಕೆ ಬೇಕಾದ್ರೆ ಮಂಡ್ಯದಲ್ಲಿ ತಂದ್ಕೊಡ್ತೀನಿ."

"ತಗಬಾ, ಮೊದ್ಲು ನಿನ್ ಬೆನ್ ಮೇಲೇ ಮುರೀತೀನಿ" ಅಂದರು ಅತ್ತೆ. ಮಗ ಜಗ್ಗಲಿಲ್ಲ.

ಮಾರನೇ ದಿನ ಬೆಳಗಾಗುತ್ತಲೇ ಅತ್ತೆ ನನ್ನನ್ನು ಹಳ್ಳಕ್ಕೆ ಎಳೆದುಕೊಂಡು ಹೋದರು. ಇಬ್ಬರೂ ಸೇರಿ ಒಂದು ದುಂಡುಕಲ್ಲನ್ನು ದೊಡ್ಡ ಈಚಲಿನ ಬುಡಕ್ಕೆ ಉರುಳಿಸಿದೆವು. ಅತ್ತೆ ಅದನ್ನು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಕಣಗಿಲೆ ಹೂ ಮುಡಿಸಿದರು. ನನಗೆ ನಗು ತಡೆಯಲಾಗಲಿಲ್ಲ.

"ಯಾವ ದೇವ್ರತ್ತೆ ಇದು?"

"ಬಾಯ್ ಮುಚ್ಕೊಂಡ್ ಸುಮ್ಕಿರು. ಬೇಕಾದೋರು ಎಸ್ರು ಮಡಿಕತಾರೆ."

ಜೆಸಿಬಿಯ ಡ್ರೈವರು ಬಂದವನು ಹಳದಿ ಕಲ್ಲು ಕಂಡದ್ದೇ ತಡ, ಇಂಜಿನ್ ನಿಲ್ಲಿಸಿ ಚಪ್ಪಲಿ ಬಿಟ್ಟ. "ನನ್ ಕೈಲಾಗಕಿಲ್ಲ ಬುಡಣ್ಣ, ನಂಗೂ ಎಂಡ್ರು ಮಕ್ಳವ್ರೆ" ಅಂದು ಹೊರಟೇಹೋದ. ಇದು ಯಾರ ಕೆಲಸವೆಂದು ನನ್ನ ಗಂಡನಿಗೇನು ಗೊತ್ತಿರಲಿಲ್ಲವೇ? ಆದರೂ ಅರಿಶಿನ ಬಿದ್ದ ಕಲ್ಲನ್ನು ಸರಿಸಲು ಅವರಿಗೂ ಕೈ ಬರಲಿಲ್ಲ. ಅತ್ತೆ ಆಕಾಶ ನೋಡುತ್ತ ನಿಂತಿದ್ದರು.

ಡ್ರೈವರು ಟೀ ಅಂಗಡಿಯಲ್ಲಿ ಬಾಯಿಬಿಟ್ಟನೆಂದು ಕಾಣುತ್ತದೆ. ಮಂಗಳವಾರದ ಹೊತ್ತಿಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಆಮೇಲೆ ಹರಕೆ ಹೊತ್ತ ಯಾರದೋ ತಪ್ಪಿಸಿಕೊಂಡ ಎಮ್ಮೆ ಸಿಕ್ಕಿತು. ಇನ್ನೇನು ಬೇಕು, ಕಲ್ಲಿಗೆ ತಗಡಿನ ಸೂರೂ ಬಂತು. ಅತ್ತೆ ಒಳಗೊಳಗೇ ಹಿಗ್ಗಿದರು.

ಸುಗ್ಗಿ ಹತ್ತಿರ ಬಂತು. ಅತ್ತೆ ಕುಡುಗೋಲು ಹಿಡಿದು ಹಳ್ಳಕ್ಕಿಳಿದರು, ಹಿಂದೆ ನಾನು. ಒಂದು ಗರಿಗೆ ಕೈ ಹಾಕಿದ್ದರಷ್ಟೆ, ಪೂಜೆಗೆ ಬಂದಿದ್ದ ಪಕ್ಕದ ಮನೆಯಾಕೆ ಓಡಿಬಂದು ಕುಡುಗೋಲು ಕಿತ್ತುಕೊಂಡಳು.

"ದೇವ್ರ ಮರ ಕಣಕ್ಕ ಇದು. ಕಸ ಗುಡ್ಸಕ್ಕೆ ಇದ್ರ ಗರಿ ಕುಯ್ತೀಯಾ? ನಿಂಗ್ ಬುದ್ಧಿ ಬ್ಯಾಡ್ವಾ?"

ಅತ್ತೆ ಹಿಡಿದ ಗರಿ ಬಿಟ್ಟು ಕಲ್ಲಿಗೆ ಕೈ ಮುಗಿದರು. ನಿಜ ಹೇಳಿದರೆ ಊರೇ ಉಗಿಯುತ್ತದೆ. ನನಗೆ ಪಾಪ ಅನ್ನಿಸಿತು, ನಗುವೂ ಬಂತು. ಸೆರಗು ಬಾಯಿಗಿಟ್ಟುಕೊಂಡೆ.

ಈ ಸಲ ಪೊರಕೆಗೆಂದು ಬಂದ ನೆಂಟರನ್ನೆಲ್ಲ ಅತ್ತೆ ಕುಂಕುಮ ಕೊಟ್ಟು ಕಳಿಸಿದರು.