ಪಾಂಡು ಮಾಸ್ತರರ ಹಲಗೆ ಮತ್ತು ಭಟ್ಕಳದ ಪಿಸ್ತೂಲು

ಪಾಂಡು ಮಾಸ್ತರರಿಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹೊನ್ನಾವರದ ಕಡೆ ಇವತ್ತಿಗೂ ಅವರ ಹೆಸರೆತ್ತಿದರೆ, ಅಬ್ಬಾ ಎಂಥಾ ದೊಡ್ಡ ಮನಸ್ಸು ಎನ್ನುವವರೇ ಹೆಚ್ಚು. ದೊಡ್ಡ ಮನಸ್ಸಂತೆ! ಅವರ ಹೆಂಡತಿ ಕಮಲಿಯನ್ನು ಕೇಳಬೇಕು.

ಮಾಸ್ತರರು ಶರಾವತಿಯ ನಡುವಿನ ನಡುಗಡ್ಡೆ ಮಾವಿನಕುರ್ವೆಯವರು. ಅಪ್ಪ, ಅಜ್ಜ ಎಲ್ಲರೂ ದೋಣಿಯಲ್ಲೇ ಹುಟ್ಟು ಹಾಕಿ ಸವೆದವರು. ಇವರೊಬ್ಬರು ಕಲಿತು, ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ, ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ದೋಣಿ ಹತ್ತುತ್ತಿದ್ದರು. ಡ್ರಿಲ್ ಮಾಸ್ತರನೆಂದರೆ ಶಾಲೆಯಲ್ಲಿ ಏನು ಬೆಲೆ? ಗಣಿತದವರು ರಜೆ ಹಾಕಿದ ದಿನ ಹುಡುಗರನ್ನು ಬಯಲಿಗೆ ಅಟ್ಟಿಕೊಂಡು ಹೋಗುವವ, ಅಷ್ಟೆ.

ಆದರೆ ಡಿಸೆಂಬರಿನಲ್ಲಿ ಒಂದು ದಿನ ಬರುತ್ತಿತ್ತು. ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ತಾಲೂಕಿನ ಹೈಸ್ಕೂಲು ಹುಡುಗರ ಓಟದ ಪಂದ್ಯ. ಅವತ್ತು ಓಟ ಬಿಡುವವರು ಪಾಂಡು ಮಾಸ್ತರರು. ಹಲಸಿನ ಹಲಗೆ ಎರಡು ತಂದು, ಬಿಜಾಗರಿ ಹಾಕಿ ಜೋಡಿಸಿ, ಹಿಡಿಕೆ ಕೂರಿಸಿ ತಾವೇ ಮಾಡಿಕೊಂಡ ಸಾಮಾನು ಅವರ ಕೈಯಲ್ಲಿರುತ್ತಿತ್ತು. ಅದನ್ನು ತಲೆಯ ಮೇಲೆತ್ತಿ, 'ಆನ್ ಯುವರ್ ಮಾರ್ಕ್' ಎಂದು ಕೂಗಿದರೆಂದರೆ ಹೆಡ್ ಮಾಸ್ತರರೂ ಬಾಯಿ ಮುಚ್ಚಬೇಕು, ತಹಶೀಲ್ದಾರರೂ ಉಸಿರು ಹಿಡಿಯಬೇಕು. ಆಮೇಲೆ ಹಲಗೆಗೆ ಹಲಗೆ ಬಡಿದು ಫಟ್! ಹುಡುಗರು ಓಡುತ್ತಿದ್ದರು, ಮಾಸ್ತರರು ಮೀಸೆಯಡಿ ನಗುತ್ತಿದ್ದರು. ಉಳಿದ ವರ್ಷವಿಡೀ ನುಂಗಿದ ಅವಮಾನಕ್ಕೆಲ್ಲ ಆ ಒಂದು ಫಟ್ ಸಾಕಾಗುತ್ತಿತ್ತು.

ಅದಕ್ಕೇ ಕಲ್ಲು ಬಿತ್ತು. ಎಂಬತ್ತರ ಈಚೆಯ ಒಂದು ವರ್ಷ ಕುಮಟಾ ಕಡೆಯ ಶಾಲೆಯೊಂದಕ್ಕೆ ನಾಗಪತಿ ಎಂಬ ಹೊಸ ಡ್ರಿಲ್ ಮಾಸ್ತರ ಬಂದ. ತೋಟದ ಮನೆಯ ಹುಡುಗ, ನೆಟ್ಟಗಿನ ನಿಲುವು, ಎಲ್ಲರನ್ನೂ ನಗಿಸುವ ಮಾತು. ಅವನು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಓಟ ಬಿಡುವ ಪಿಸ್ತೂಲೊಂದನ್ನು ಕೊಂಡು ತಂದಿದ್ದ. ಗುಂಡು ಹಾರುವುದಲ್ಲ, ಬರೀ ಸದ್ದಿನದು. ಆದರೂ ನೋಡಲು ಥೇಟ್ ಪಿಸ್ತೂಲೇ. ಹಿಡಿಕೆಯೊಳಗೆ ಎಂಟು ಮದ್ದಿನ ತೋಟೆ ತುಂಬಿಟ್ಟರೆ ಆಯಿತು, ಒಂದು ಹಾರಿದ ಕೂಡಲೇ ಖಾಲಿ ತೋಟೆ ತಾನಾಗಿ ಹೊರಗೆ ಚಿಮ್ಮಿ ಮುಂದಿನದು ತಾನಾಗಿ ಬಂದು ಕೂರುತ್ತದೆ. ಪಂದ್ಯದ ಹಿಂದಿನ ದಿನ ಹೊನ್ನಾವರದ ಬಯಲಿನಲ್ಲಿ ಅವನೊಮ್ಮೆ ಹಾರಿಸಿ ತೋರಿಸಿದ. ಕಾಗೆಗಳೆಲ್ಲ ಎದ್ದು ಹೋದವು, ಹೆಡ್ ಮಾಸ್ತರರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಈ ವರ್ಷ ಇದರಲ್ಲೇ ಓಟ ಬಿಡೋಣ, ಪಾಂಡು ಮಾಸ್ತರರು ಕುರ್ಚಿಯಲ್ಲಿ ಕೂತು ಆರಾಮಾಗಿ ನೋಡಲಿ ಎಂದು ಅಲ್ಲೇ ತೀರ್ಮಾನವಾಯಿತು. ಆರಾಮವಂತೆ ಆರಾಮ! ಮಾಸ್ತರರ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಬೆಂಕಿಗೆ ತುಪ್ಪ ಸುರಿದವನೂ ಅದೇ ನಾಗಪತಿ. ಕುಮಟಾದ ಹುಡುಗರನ್ನು ಕರೆತಂದಿದ್ದ ಅವನು ರಾತ್ರಿ ಅವರ ಜೊತೆಗೇ ಶಾಲೆಯ ಕೋಣೆಯಲ್ಲಿ ಮಲಗಬೇಕಿತ್ತು. ಆ ಹುಡುಗರ ಕಾಟದಲ್ಲಿ ಪಿಸ್ತೂಲು ಉಳಿಯುವುದಿಲ್ಲ, ನಿಮ್ಮ ಮನೆಯಲ್ಲಿ ಭದ್ರವಾಗಿರುತ್ತದೆ ಎಂದು ಅದನ್ನು ಪೆಟ್ಟಿಗೆ ಸಮೇತ ಪಾಂಡು ಮಾಸ್ತರರ ಕೈಗೇ ಕೊಟ್ಟ. ವೈರಿಯೆಂದು ಇವರು ಹಲ್ಲು ಕಡಿಯುತ್ತಿದ್ದರೆ ಅವನು ಇವರನ್ನು ಹಿರಿಯರೆಂದು ನಂಬಿದ್ದ. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಮನೆಯಲ್ಲಿ ಕಮಲಿ ಪೆಟ್ಟಿಗೆ ತೆರೆದು ಕಣ್ಣರಳಿಸಿದಳು.

"ಎಂತಾ ಚಂದ ಅದೆ ಇದು! ನಿಮ್ಮ ಹಲಗೆ ಇದ್ರ ಎದ್ರಿಗೆ ಅಡುಗೆಮನೆ ಮಣೆ ಕಂಡಾಂಗೆ ಕಾಣ್ತದೆ."

ಕಟ್ಟಿಕೊಂಡ ಹೆಂಡತಿಯೂ ಆ ಕಡೆಗೇ ಸೇರಿದಳಲ್ಲ ಎಂದು ಮಾಸ್ತರರಿಗೆ ಊಟ ಸೇರಲಿಲ್ಲ. ಕಮಲಿ ದೇವರ ಮುಂದೆ ದೀಪ ಹಚ್ಚಿದ್ದಳು. ಮಾಸ್ತರರು ಕೈಮುಗಿದು, ನಾಳೆ ಆ ಪಿಸ್ತೂಲು ಹಾರದಿರಲಿ ತಂದೇ ಎಂದು ಬೇಡಿಕೊಂಡರು. ಬೇಡಿ ಮುಗಿಸಿ ಬಂದವರು ಪಿಸ್ತೂಲನ್ನು ಕೈಗೆತ್ತಿಕೊಂಡರು ನೋಡಿ, ಕೆಳಗಿಡಲು ಮನಸ್ಸೇ ಬರಲಿಲ್ಲ. ಕನ್ನಡಿಯೆದುರು ನಿಂತು ತೋಳೆತ್ತಿದರು. ಎಷ್ಟು ಒಪ್ಪುತ್ತದೆ! ಅಷ್ಟರಲ್ಲಿ ನಳಿಗೆಯ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಕಂಡಿತು. ಕಡಲ ಗಾಳಿಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು? ಕುರ್ವೆಯಲ್ಲಿ ಮೀನು ಕತ್ತಿಗೂ ಬೀಗಕ್ಕೂ ಹೊಲಿಗೆ ಮಷೀನಿಗೂ ಒಂದೇ ಮದ್ದು. ಮಾಸ್ತರರು ಕಮಲಿಯ ತೆಂಗಿನೆಣ್ಣೆ ಬಾಟಲಿ ತಂದು, ಸಂದುಗೊಂದಿಗೆಲ್ಲ ಧಾರಾಳವಾಗಿ ಬಿಟ್ಟು, ಹಳೇ ಬನಿಯನ್ನಿನಿಂದ ಮೇಲೆಲ್ಲ ಒರೆಸಿ ಫಳಫಳ ಮಾಡಿದರು. ಹಾಳಾಗಲಿ ಎಂದು ಈಗತಾನೇ ಬೇಡಿಕೊಂಡ ಕೈಯೇ ಅದಕ್ಕೆ ಎಣ್ಣೆಸ್ನಾನ ಮಾಡಿಸಿತು. ಮನುಷ್ಯನ ಮನಸ್ಸಿಗೆ ಏನು ಹೇಳೋಣ!

ಬೆಳಿಗ್ಗೆ ಮೈ ಕೊರೆಯುವ ಚಳಿ. ಕಮಲಿ ತಲೆಗೆ ಹಚ್ಚಲು ಎಣ್ಣೆ ಬಾಟಲಿ ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ಪೂರಾ ಬೆಳ್ಳಗೆ ಹೆಪ್ಪುಗಟ್ಟಿತ್ತು. ಗೊಣಗುತ್ತ ಅದನ್ನು ಬಿಸಿಲು ಬರುವ ಕಟ್ಟೆಯ ಮೇಲಿಟ್ಟಳು. ಮಾಸ್ತರರು ಅದನ್ನು ಕಂಡರು, ಕಂಡೂ ಏನೂ ಹೊಳೆಯಲಿಲ್ಲ. ಪಿಸ್ತೂಲಿನ ಪೆಟ್ಟಿಗೆಯ ಜೊತೆ ಹಲಗೆಯನ್ನೂ ಚೀಲಕ್ಕೆ ಹಾಕಿಕೊಂಡು ಕಮಲಿಯೊಡನೆ ದೋಣಿ ಹತ್ತಿದರು.

ಬಯಲು ತುಂಬಿತ್ತು. ಮೊದಲ ಓಟದ ಹುಡುಗರು ಗೆರೆಯ ಮೇಲೆ ಬಗ್ಗಿದರು. ನಾಗಪತಿ ತೋಳೆತ್ತಿ ಒತ್ತಿದ. ಟಿಕ್. ಮತ್ತೆ ಒತ್ತಿದ. ಟಿಕ್. ಜನ ನಗತೊಡಗಿದರು. ಪಾಂಡು ಮಾಸ್ತರರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕುರ್ಚಿಯಿಂದೆದ್ದು, ಚೀಲದಿಂದ ಹಲಗೆ ತೆಗೆದು, ಮದುಮಗನ ಗತ್ತಿನಲ್ಲಿ ನಡೆದು ಹೋದರು. ಫಟ್! ಹುಡುಗರು ಓಡಿದರು.

ಓಟದ ಮೇಲೆ ಓಟ ಮಾಸ್ತರರ ಹಲಗೆಯಲ್ಲೇ ಸಾಗಿತು. ನಾಗಪತಿ ಚಪ್ಪರದಡಿ ಕೂತು ಪಿಸ್ತೂಲಿನ ತಲೆಬೇನೆ ಹುಡುಕುತ್ತಿದ್ದ. ತೋಟೆಗೆ ಥಂಡಿ ಹಿಡಿದಿರಬೇಕೆಂದು ಹೊಸ ಡಬ್ಬಿ ಒಡೆದ. ಟಿಕ್. ಹಿಡಿಕೆಯೊಳಗಿನ ಸ್ಪ್ರಿಂಗ್ ಒತ್ತಿ ನೋಡಿದ, ಸರಿಯಿತ್ತು. ಮಾಸ್ತರರು ಎರಡು ಓಟದ ನಡುವೆ ಬಂದು, ಫಾರಿನ್ ಸಾಮಾನೇ ಹಾಗೆ ಮಾರಾಯಾ ಎಂದು ಕನಿಕರ ತೋರಿಸಿ ಹೋದರು. ಕೊನೆಗೆ ನಾಗಪತಿ ಹಾರದ ತೋಟೆಯೊಂದನ್ನು ತಿರುಗಿಸಿ ನೋಡಿದ. ಅದರ ಹಿಂಬದಿಯಲ್ಲಿ ಕುಟ್ಟಿದ ತಗ್ಗು ಇರಲಿಲ್ಲ, ಬರೀ ಗೀರಿತ್ತು. ಅಂದರೆ ತೋಟೆಗೆ ಬಡಿಯುವ ಮೊಳೆಗೇ ಬಲವಿಲ್ಲ. ಪಿಸ್ತೂಲಿನ ಮೇಲಿನ ಭಾಗ ಕಳಚಿ, ಮೊಳೆ ಓಡಾಡುವ ತೂತಿಗೆ ಕಡ್ಡಿ ಹಾಕಿದ. ಕಡ್ಡಿಯ ತುದಿಗೆ ಬೆಳ್ಳಗೆ, ಬೆಣ್ಣೆಯಂಥದ್ದು ಅಂಟಿಕೊಂಡು ಬಂತು. ಮೂಸಿ ನೋಡಿ, ತಲೆಯೆತ್ತಿ ಪಾಂಡು ಮಾಸ್ತರರನ್ನು ನೋಡಿದ.

ಮಾಸ್ತರರಿಗೆ ಕಟ್ಟೆಯ ಮೇಲಿನ ಬಾಟಲಿ ಈಗ ನೆನಪಾಯಿತು. ಚಂದ ಮಾಡಲು ಹಾಕಿದೆ ಎಂದರೆ ಯಾರು ನಂಬುತ್ತಾರೆ? ಹೊಟ್ಟೆಕಿಚ್ಚಿಗೆ ಹಾಳು ಮಾಡಿದ ಎನ್ನುತ್ತಾರೆ. ಇನ್ನು ಯಾವ ಮುಖ ಹೊತ್ತು ಈ ಬಯಲಿಗೆ ಬರುವುದು? ಅಷ್ಟರಲ್ಲಿ ಹೆಡ್ ಮಾಸ್ತರರೂ ಬಂದು ನೋಡಿ, ಯಾರ ಕಿತಾಪತಿ ಇದು ಎಂದು ಸಿಡುಕಿದರು.

"ನಂದೇ ತಪ್ಪು ಸರ್," ಎಂದ ನಾಗಪತಿ. "ನಿನ್ನೆ ಕೊಡೋ ಮುಂಚೆ ನಾನೇ ಎಣ್ಣೆ ಬಿಟ್ಟಿದ್ದೆ. ಚಳಿಗೆ ಗಟ್ಟಿಯಾಗಿದೆ."

ಮಾಸ್ತರರಿಗೆ ಹೋದ ಜೀವ ಬಂತು. ಬಂದ ಜೀವ ಆ ಕ್ಷಣವೇ ಉರಿಯತೊಡಗಿತು. ಪಿಸ್ತೂಲು ಇವನದು, ಪ್ರಾಯ ಇವನದು, ಈಗ ಒಳ್ಳೆಯತನವೂ ಇವನದೇ ಆಯಿತೇ? ಇವನು ಕೊಟ್ಟ ಭಿಕ್ಷೆಯಲ್ಲಿ ತಾನು ಮಾನವಂತನಾಗಿ ಬದುಕಬೇಕೇ? ದಾಪುಗಾಲು ಹಾಕಿ ಹೋಗಿ ಮೈಕು ಕಿತ್ತುಕೊಂಡರು.

"ಎಣ್ಣೆ ಹಾಕ್ದವ ಅವ ಅಲ್ಲ, ನಾನು. ಹೊಟ್ಟೆಕಿಚ್ಚು ಇದ್ದದ್ದೂ ನಂಗೇ."

ನಾಗಪತಿ ತಪ್ಪು ಒಪ್ಪಿಕೊಂಡ ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಬಯಲಿಡೀ ಚಪ್ಪಾಳೆ ಬಿತ್ತು. ಕಿರಿಯನ ಮಾನ ಉಳಿಸಲು ಹಿರಿಯರು ತಪ್ಪನ್ನು ತಲೆಯ ಮೇಲೆ ಎಳೆದುಕೊಂಡರು ಎಂದು ಹೆಡ್ ಮಾಸ್ತರರು ಕಣ್ಣೊರೆಸಿಕೊಂಡರು. ದೇವರಾಣೆ ನಾನೇ ಎಂದು ಇವರು ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಮಾಸ್ತರರು ಸೋತು ಮೈಕು ಬಿಟ್ಟರು.

ಬಿಸಿಲೇರಿ ಎಣ್ಣೆ ಕರಗಿತ್ತು. ನಾಗಪತಿ ಒಳಗೆಲ್ಲ ಒರೆಸಿ, ತೋಟೆ ತುಂಬಿ, ಕೊನೆಯ ಓಟ ನೀವೇ ಬಿಡಬೇಕೆಂದು ಪಿಸ್ತೂಲನ್ನು ಅವರ ಕೈಗಿಟ್ಟ. ಮಾಸ್ತರರು ತೋಳೆತ್ತಿ ಒತ್ತಿದರು. ಸದ್ದು ಶರಾವತಿಯ ಆಚೆ ದಡಕ್ಕೆ ಬಡಿದು ತಿರುಗಿ ಬಂತು. ಅವರ ಹಲಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಿಯವರೆಗೆ ಹೋಗಿರಲಿಲ್ಲ. ಮುಂದಿನ ವರ್ಷ ಹಲಗೆ ತರಬೇಕಾಗಿಲ್ಲ ಎಂದು ಅವರಿಗೆ ಆಗಲೇ ಗೊತ್ತಾಯಿತು.

ಸಂಜೆ ದೋಣಿಯಲ್ಲಿ ಕುರ್ವೆಗೆ ಮರಳುವಾಗ ಹಲಗೆಯ ಚೀಲ ಅವರ ತೊಡೆಯ ಮೇಲಿತ್ತು. ಕಮಲಿ ಪಕ್ಕಕ್ಕೆ ಸರಿದು ಕೂತು, ಮೆಲ್ಲಗೆ ಕೇಳಿದಳು.

"ಈಗಾದ್ರೂ ಹೊಟ್ಟೆಕಿಚ್ಚು ಹೋತಾ?"

ಮಾಸ್ತರರು ಚೀಲವನ್ನು ತೊಡೆಯಿಂದ ಕಾಲ ಬುಡಕ್ಕೆ ಇಳಿಸಿದರು.

"ಇಲ್ಲ. ಆ ಹುಡುಗ ಒಳ್ಳೆಯವ ಬೇರೆ. ಕೆಟ್ಟವ ಆಗಿದ್ರೆ ಬೈದಾದ್ರೂ ಸಮಾಧಾನ ಮಾಡ್ಕಬಹುದಿತ್ತು."